ಫ್ಯಾಂಟಸಿ ಐಸ್ ಹಾಕಿ ಡ್ರಾಫ್ಟ್‌ಗೆ ಕೂರುವ ಮುಂಚೆ ಒಂದು ಮಾತು

ಡ್ರಾಫ್ಟ್ ಅಂದ್ರೆ ನಿಜವಾದ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿ ನಮ್ಮದೇ ಕಾಲ್ಪನಿಕ ತಂಡ ಕಟ್ಟೋದು. ಆಗ ಹಳೇ ಸೀಸನ್‌ನ ಪಾಯಿಂಟ್ಸ್ (ಗೋಲು ಮತ್ತು ಅಸಿಸ್ಟ್ ಸೇರಿದ ಲೆಕ್ಕ) ಪಟ್ಟಿ ಒಂದನ್ನೇ ನೋಡ್ಬೇಡಿ. ತಂಡ ಬಿಟ್ಟು ಹೋದವರು ಯಾರು ಅಂತಲೂ ನೋಡಿ. 2022-23ರ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ಸೀಸನ್‌ನಲ್ಲಿ ಸ್ಯಾನ್ ಹೊಸೆ ತಂಡದಲ್ಲಿದ್ದ ಎರಿಕ್ ಕಾರ್ಲ್‌ಸನ್‌ನನ್ನೇ ತಗೊಳ್ಳಿ. ಹಿಂದಿನ ವರ್ಷ 50 ಪಂದ್ಯಕ್ಕೆ 35 ಪಾಯಿಂಟ್, ಗಾಯ, ವಯಸ್ಸು 32, ಹಾಗಾಗಿ ನಮ್ಮ ಲೀಗ್‌ನಲ್ಲಿ ಕೊನೆ ಸುತ್ತುಗಳವರೆಗೂ ಯಾರೂ ಅವನನ್ನು ಮುಟ್ಟಿರಲಿಲ್ಲ. ಆದರೆ ಆ ಬೇಸಿಗೆಯಲ್ಲೇ ಸ್ಯಾನ್ ಹೊಸೆ ತಂಡ ತನ್ನ ಇನ್ನೊಬ್ಬ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಬ್ರೆಂಟ್ ಬರ್ನ್ಸ್‌ನನ್ನು ಕ್ಯಾರೊಲಿನಾ ತಂಡಕ್ಕೆ ಕೊಟ್ಟಿತ್ತು, ಪವರ್ ಪ್ಲೇಯಲ್ಲಿ (ಪೆನಾಲ್ಟಿಯಿಂದ ಎದುರಾಳಿಗೆ ಆಟಗಾರ ಕಡಿಮೆ ಇರುವಾಗ) ಬ್ಲೂ ಲೈನ್ ಜಾಗ, ಅಂದ್ರೆ ಹಿಂದೆ ನಿಂತು ದಾಳಿ ನಡೆಸೋ ಜಾಗ, ಪೂರ್ತಿ ಕಾರ್ಲ್‌ಸನ್‌ನದಾಯ್ತು. ಡಿಫೆನ್ಸ್‌ಮನ್ ಆಗಿ 101 ಪಾಯಿಂಟ್! ಇದಕ್ಕಿಂತ ಲಾಭದ ಆಯ್ಕೆ ನಾನು ನೋಡಿಲ್ಲ.

ಗೋಲಿ (ಗೋಲ್‌ಕೀಪರ್) ಲಿನಸ್ ಉಲ್ಮಾರ್ಕ್‌ದೂ ಹಾಗೇ. ಅವನಿದ್ದ ಬಾಸ್ಟನ್ ತಂಡದಲ್ಲಿ ಪಂದ್ಯ ಹಂಚಿಕೊಳ್ಳೋ ಇಬ್ಬರು ಗೋಲಿಗಳು ಅಂತ ಇಂಥವರನ್ನು ಬಿಡ್ಬೇಡಿ, ಆ ವರ್ಷ ಅವನು 40 ಪಂದ್ಯ ಗೆದ್ದ.