ನಾಲ್ಕನೇ ಮಹಡಿಯ ಅಡೀನಿಯಂಗೆ ನೀವೇ ದುಂಬಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಗ್ಯಾಲರಿಯ (ಬಾಲ್ಕನಿಯ) ಗ್ರಿಲ್ಲಿಗೆ ಒಂದಾದರೂ ಕುಂಡ ಇಡದ ಮನೆ ಅಪರೂಪ. ತುಳಸಿಯನ್ನು ಬಿಟ್ಟರೆ ಹೆಚ್ಚಾಗಿ ಕಾಣುವುದು ಉಬ್ಬಿದ ಬುಡದ ಹೂಗಿಡ ಅಡೀನಿಯಂ. ಎರಡು ದಿನ ನೀರು ಮರೆತರೂ ಮುನಿಯುವುದಿಲ್ಲ, ಏಪ್ರಿಲ್ ಬಿಸಿಲು ಏರಿದಷ್ಟೂ ಹೂ ಬಿಡುತ್ತದೆ. ಬೆಳಗ್ಗೆ ಲೋಕಲ್ ರೈಲು ಹಿಡಿದು ಹೋಗಿ ಕತ್ತಲಾದ ಮೇಲೆ ಮನೆ ಸೇರುವವರಿಗೆ ಇದಕ್ಕಿಂತ ಹೊಂದಿಕೊಳ್ಳುವ ಗಿಡವಿಲ್ಲ. ಹೀಗಿದ್ದೂ ವರ್ಷಗಟ್ಟಲೆ ಹೂ ಬಿಟ್ಟ ಗಿಡದಲ್ಲಿ ಒಂದು ಕಾಯಿಯನ್ನೂ ಕಾಣದವರೇ ಹೆಚ್ಚು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ಚಹಾ ಕಪ್ಪು ಹಿಡಿದು ಗ್ಯಾಲರಿಯಲ್ಲಿ ನಿಂತು ಅದನ್ನೇ ಕೇಳಿದ್ದರು: “ಯಾಕವ್ವಾ, ಇಷ್ಟು ಹೂ ಬಿಡುತ್ತದೆ, ಒಂದಾದರೂ ಕಾಯಿ ಕಚ್ಚುವುದು ಬೇಡವೇ?”

“ಇಷ್ಟು ಎತ್ತರಕ್ಕೆ ದುಂಬಿ ಬರುವುದಿಲ್ಲವಲ್ಲ ಅತ್ತೆ” ಎಂದೆ. ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ಹೂವಿನ ಒಳಗೇ ಇದೆ ಎಂದು ತಿಳಿದದ್ದು ಒಂದು ಹೂವನ್ನು ಸೀಳಿ ನೋಡಿದ ಮೇಲೆ. ಆ ಒಳಗಿನ ಕಟ್ಟಡ ಒಮ್ಮೆ ಅರ್ಥವಾದರೆ, ಎರಡು ಗಿಡಗಳನ್ನು ಕೂಡಿಸಿ ಬೇರೆಲ್ಲೂ ಇಲ್ಲದ ಮೂರನೆಯದನ್ನು ಬೆಳೆಸುವುದು ಯಾರ ಕೈಗಾದರೂ ದಕ್ಕುವ ಕೆಲಸ.

ಮರುಭೂಮಿ ಗುಲಾಬಿ ಎಂದು ಮಾರುತ್ತಾರಾದರೂ ಗುಲಾಬಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಕಣಗಿಲೆ, ದೇವಕಣಗಿಲೆ, ಎಕ್ಕಗಳ ಕುಟುಂಬದ್ದು. ಮೂಲ ಆಫ್ರಿಕಾ ಮತ್ತು ಅರೇಬಿಯಾ. ಏಡನ್ ಊರಿನಿಂದ ಅಡೀನಿಯಂ ಎಂಬ ಹೆಸರು ಬಂತು. ಸಸ್ಯವಿಜ್ಞಾನಿ ಲಿನೇಯಸ್‌ನ ಶಿಷ್ಯ ಪೀಟರ್ ಫೋರ್ಸ್‌ಕಾಲ್ ಇದನ್ನು ದಪ್ಪ ಬುಡದ ಕಣಗಿಲೆಯೆಂದೇ ಬರೆದಿಟ್ಟು 1763ರಲ್ಲಿ ಯೆಮೆನ್‌ನಲ್ಲಿ ತೀರಿಕೊಂಡ. ಅದೇ ವರ್ಷ ಹಡಗು ಹತ್ತಿ ನಮ್ಮ ಮುಂಬೈಗೆ ಬಂದಿಳಿದ ಅವನ ಜೊತೆಗಾರ ಕಾರ್ಸ್ಟನ್ ನೀಬೂರ್, ಮುಂದೆ 1775ರಲ್ಲಿ ಆ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದ. ನಮ್ಮ ಗ್ರಿಲ್ಲಿನ ಗಿಡದ ಹೆಸರಿನ ಹಿಂದೆ ಇಷ್ಟು ದೂರದ ಪಯಣವಿದೆ.

ಕಣಗಿಲೆಯ ನಂಟಿನಿಂದಾಗಿ ವಿಷವೂ ಬಂದಿದೆ. ಇದರ ರಸ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದರು. ಆದ್ದರಿಂದ ಮುಂದೆ ಹೇಳುವ ಯಾವ ಕೆಲಸ ಮಾಡಿದರೂ ಕೈಯನ್ನು ಸಾಬೂನಿನಿಂದ ತೊಳೆಯುವವರೆಗೆ ಕಣ್ಣು, ಬಾಯಿ ಮುಟ್ಟಬೇಡಿ. ಪುಟ್ಟ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.

ತಾಯಿ ಯಾವುದು, ತಂದೆ ಯಾವುದು

ಅಡೀನಿಯಂ ಸಾಮಾನ್ಯವಾಗಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಎರಡು ಗಿಡ ಬೇಕೇ ಬೇಕು: ಪರಾಗ ಕೊಡುವುದು ತಂದೆ, ಕಾಯಿ ಹೊರುವುದು ತಾಯಿ. ಇಲ್ಲಿ ಹಲವರು ಎಡವುತ್ತಾರೆ: ನರ್ಸರಿಯಿಂದ ಒಂದೇ ಹೆಸರಿನ ಎರಡು ಕಸಿ ಗಿಡ ತಂದು, ಎರಡಿವೆಯಲ್ಲ ಎಂದುಕೊಳ್ಳುತ್ತಾರೆ. ಒಂದೇ ತಾಯಿಯ ಟೊಂಗೆಯಿಂದ ಕಸಿ ಮಾಡಿದವು ಎಷ್ಟೇ ಕುಂಡದಲ್ಲಿದ್ದರೂ ಹೂವಿನ ಮಟ್ಟಿಗೆ ಒಂದೇ ಗಿಡ. ಬೇರೆ ಬಣ್ಣದ, ಬೇರೆ ಮೂಲದ ಜೋಡಿ ಹುಡುಕಿ.

ನನ್ನ ಮೊದಲ ಜೋಡಿಯ ತಾಯಿ ನಮ್ಮಲ್ಲೇ ಇದ್ದ ಬಿಳಿ. ತಂದೆ ಮುಲುಂಡ್‌ನ ಗೆಳತಿಯ ಮನೆಯ ಕಡುಗೆಂಪು. ಅವರು ಬೆಳಗ್ಗೆ ಅರಳಿದ ಮೂರು ಹೂಗಳನ್ನು ಸ್ಟೀಲ್ ಡಬ್ಬಿಯಲ್ಲಿ ಒಣ ಬಟ್ಟೆ ಹಾಸಿ ಕೊಟ್ಟರು. ಲೋಕಲ್‌ನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆ. ಪರಾಗಕ್ಕಾಗಿ ಗಿಡವನ್ನೇ ಹೊತ್ತು ತರಬೇಕಿಲ್ಲ, ಅವತ್ತಿನ ಹೂ ಸಾಕು.

ತಾಯಿಯ ಸ್ಥಾನಕ್ಕೆ ಗಟ್ಟಿಮುಟ್ಟಾದ, ಒಂಟಿ ಸುತ್ತಿನ ಎಸಳಿನ ಗಿಡ ಆರಿಸಿ. ಎರಡು ಮೂರು ಸುತ್ತು ಎಸಳಿನ ತಳಿಗಳ ಒಳಗೆ ಕೈಯಾಡಿಸುವುದು ಹೊಸಬರಿಗೆ ಕಷ್ಟ. ಬಣ್ಣವೊಂದನ್ನೇ ನೋಡಬೇಡಿ ಎಂಬುದು ನನ್ನ ಒತ್ತಾಯ. ಹೂ ಇರುವುದು ವರ್ಷದಲ್ಲಿ ಕೆಲವು ತಿಂಗಳು, ಉಬ್ಬಿದ ಬುಡ ಮತ್ತು ಟೊಂಗೆಯ ಚೆಲುವು ಕಾಣುವುದು ವರ್ಷವಿಡೀ. ಒಳ್ಳೆಯ ಬುಡದ ಗಿಡವನ್ನು ಜೋಡಿಯಲ್ಲಿ ಒಂದಾಗಿಯಾದರೂ ಇಟ್ಟುಕೊಳ್ಳಿ.

ಮೋದಕ ಬಿಚ್ಚುವ ಕೆಲಸ

ಬೇಕಾದ ಸಾಮಾನು: ಹಲ್ಲುಕಡ್ಡಿ, ಚಿತ್ರ ಬರೆಯುವ ಅತಿ ಸಣ್ಣ ಕುಂಚ, ಹುಬ್ಬು ಕೀಳುವ ಚಿಮಟ, ಬಣ್ಣದ ಉಣ್ಣೆ ದಾರ. ಕಣ್ಣು ಮಂಜಾಗಿದ್ದರೆ ಭೂತಗನ್ನಡಿ. ಹೂ ಅರಳಿದ ಮೊದಲ ಅಥವಾ ಎರಡನೆಯ ದಿನ, ಬೆಳಗ್ಗೆ ಎಂಟರಿಂದ ಹತ್ತರ ಒಳಗೆ, ತೇವ ಆರಿದ ಮೇಲೆ ಕೂರಿ.

ಮೊದಲು ತಂದೆಯ ಹೂ. ಅದರ ಕೊಳವೆಯನ್ನು ಉಗುರಿನಿಂದ ಬುಡದವರೆಗೆ ಉದ್ದಕ್ಕೆ ಸೀಳಿ ಬಿಡಿಸಿ. ತಳದಲ್ಲಿ ಐದು ಪರಾಗಕೋಶಗಳು ತಲೆಗೆ ತಲೆ ಕೂಡಿಸಿ ನಿಂತಿರುವುದು ಕಾಣುತ್ತದೆ. ನೋಡಲು ಥೇಟ್ ಮೋದಕ: ಕೆಳಗೆ ಅಗಲ, ಮೇಲೆ ಚೂಪು, ಸುತ್ತಲೂ ನೆರಿಗೆ. ಎತ್ತರ ಮಾತ್ರ ಒಂದು ಅಕ್ಕಿಕಾಳಿನಷ್ಟು. ಪ್ರತಿ ಕೋಶದ ತುದಿಯಿಂದ ನವಿರು ರೋಮದ ಬಾಲವೊಂದು ಹೂವಿನ ಬಾಯಿಯತ್ತ ಚಾಚಿಕೊಂಡಿರುತ್ತದೆ. ಹೊರಗಿನಿಂದ ಹೂ ನೋಡುವಾಗ ನಮಗೆ ಕಾಣುವುದು ಈ ಬಾಲಗಳಷ್ಟೇ. ಇವೇ ಕೇಸರ ಎಂದು ಭಾವಿಸಿ ಅವುಗಳ ಮೇಲೆ ಕುಂಚ ಸವರಿ ಸವರಿ ಒಂದಿಡೀ ಬೇಸಿಗೆಯನ್ನು ನಾನು ಕಳೆದೆ.

ಮೋದಕದ ಹೂರಣವೇ ಪರಾಗ. ಒಂದು ನೆರಿಗೆಯನ್ನು ಕಡ್ಡಿಯ ತುದಿಯಿಂದ ಹೊರಕ್ಕೆ ಬಗ್ಗಿಸಿದರೆ ಒಳಮೈಗೆ ಅಂಟಿದ ತಿಳಿಹಳದಿ ಪುಡಿ ಸಿಗುತ್ತದೆ, ಸ್ವಲ್ಪ ಮುದ್ದೆಮುದ್ದೆಯಾಗಿ. ಅದನ್ನು ಒಣ ಕುಂಚದ ತುದಿಗೆ ತೆಗೆದುಕೊಳ್ಳಿ. ನೀರು ತಾಗಿದರೆ ಪರಾಗ ಕೆಡುತ್ತದೆ. ಕುಂಚವನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸವಿದ್ದವರು ಇಲ್ಲಿ ಅದನ್ನು ಖಂಡಿತ ಬಿಡಬೇಕು, ವಿಷದ ಕಾರಣಕ್ಕೂ.

ಈಗ ತಾಯಿಯ ಹೂ. ಕೊಳವೆಯ ಒಂದು ಪಕ್ಕವನ್ನಷ್ಟೇ ಸೀಳಿ ಕಿಟಕಿಯಂತೆ ತೆರೆಯಿರಿ. ಚಿಮಟದಿಂದ ಒಂದು ಪರಾಗಕೋಶವನ್ನು ಮೆಲ್ಲಗೆ ಕಿತ್ತು ತೆಗೆಯಿರಿ. ಮೋದಕದ ನಡುವೆ ಗಿಡ್ಡ ಕಂಬದಂತಹ ಶಲಾಕಾಗ್ರ (ಹೂವಿನ ಹೆಣ್ಣು ಭಾಗದ ತುದಿ) ಕಾಣುತ್ತದೆ, ಅಂಟಂಟಾಗಿ. ಪರಾಗವನ್ನು ಅದರ ನೆತ್ತಿಯ ಮೇಲೆ ಇಡಬೇಡಿ. ಅಲ್ಲಿ ಅದರದೇ ಪರಾಗ ಮೊದಲೇ ಬಿದ್ದಿರುತ್ತದೆ, ಏನೂ ಆಗಿರುವುದಿಲ್ಲ. ಪರಾಗ ಹಿಡಿಯುವ ಜಾಗ ಇರುವುದು ಆ ಕಂಬದ ಅಂಚಿನ ಕೆಳಗೆ, ಸೂರಿನ ಅಡಿಯ ಹಾಗೆ. ಪ್ರಕೃತಿ ಪರಾಗವನ್ನು ಮಾಳಿಗೆಯಲ್ಲಿಟ್ಟು ಬಾಗಿಲನ್ನು ನೆಲದ ಬಳಿ ತೆರೆದಿದೆ. ಎರಡು ಕೋಶಗಳ ನಡುವಿನ ಸೀಳಿನಲ್ಲಿ ಸೊಂಡಿಲು ತೂರಿಸಿ ಮೇಲಕ್ಕೆಳೆಯುವ ಕೀಟಕ್ಕೆ ಮಾತ್ರ ಆ ದಾರಿ ಗೊತ್ತು. ಅತ್ತೆಯ ಪ್ರಶ್ನೆಗೆ ಉಳಿದರ್ಧ ಉತ್ತರ ಇದು. ಕುಂಚದ ತುದಿಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಆ ಅಂಚಿನಡಿಗೆ ಪರಾಗ ಮೆತ್ತಿ. ಎರಡು ಮೂರು ಕಡೆ ಮೆತ್ತಿದರೆ ಒಳ್ಳೆಯದು.

ಸೀಳಿದ ಎಸಳನ್ನು ಮುಚ್ಚಿ, ತೊಟ್ಟಿಗೆ ಉಣ್ಣೆ ದಾರ ಸಡಿಲವಾಗಿ ಕಟ್ಟಿ. ಒಂದು ತಂದೆಗೆ ಒಂದು ಬಣ್ಣ. ಅಂದೇ ಪಟ್ಟಿಯಲ್ಲಿ ತಾಯಿಯ ಹೆಸರು ಮೊದಲು, ಗುಣಾಕಾರದ ಚಿಹ್ನೆ, ಆಮೇಲೆ ತಂದೆಯ ಹೆಸರು, ತಾರೀಖು ಬರೆಯಿರಿ. ತಳಿ ಬೆಳೆಸುವವರು ಎಲ್ಲೆಡೆ ಪಾಲಿಸುವ ಕ್ರಮವಿದು. ಶ್ರೀಖಂಡದ ಖಾಲಿ ಡಬ್ಬಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಪೆನ್ಸಿಲ್‌ನಲ್ಲಿ ಬರೆದರೆ ಬಿಸಿಲಿಗೆ ಮಾಸುವುದಿಲ್ಲ, ಪೆನ್ನಿನ ಶಾಯಿ ಒಂದೇ ಬೇಸಿಗೆಯಲ್ಲಿ ಹಾರಿಹೋಗುತ್ತದೆ. ಈ ಒಂದು ನಿಮಿಷದ ಕೆಲಸವನ್ನು ನಾಳೆಗೆ ಹಾಕಬೇಡಿ. ಹೆತ್ತವರು ಯಾರೆಂದು ತಿಳಿಯದ ಸಸಿ ಎಷ್ಟೇ ಚೆಂದದ ಹೂ ಬಿಟ್ಟರೂ ಆ ಜೋಡಿಯನ್ನು ಮತ್ತೆ ಕೂಡಿಸಲು ಆಗುವುದಿಲ್ಲ.

ಹತ್ತು ಹೂವಿಗೆ ಒಂದೆರಡು ಕಚ್ಚಿದರೂ ನಾನು ತೃಪ್ತಳು. ಕಚ್ಚದ ಹೂ ತೊಟ್ಟಿನೊಂದಿಗೆ ಹಳದಿಯಾಗಿ ಉದುರುತ್ತದೆ. ಕಚ್ಚಿದ್ದರ ಎಸಳು ಉದುರಿದರೂ ಬುಡ ಹಸಿರಾಗಿ ನಿಂತು ನಿಧಾನವಾಗಿ ಉಬ್ಬಿ, ಜೋಡಿ ಕೊಂಬಾಗಿ ಚಾಚುತ್ತದೆ.

ಕಾಯಿಗೊಂದು ಚೀಲ

ಕೊಂಬು ಬಲಿಯಲು ಸುಮಾರು ಎರಡು ಮೂರು ತಿಂಗಳು ಬೇಕು. ಹಸಿರು ಮಾಸಿ ಕಂದು ತಿರುಗಿದ ಒಂದು ಮಧ್ಯಾಹ್ನ ಅದು ಉದ್ದಕ್ಕೆ ಬಿರಿಯುತ್ತದೆ. ಬೀಜದ ಎರಡೂ ತುದಿಗೆ ರೇಷ್ಮೆಯ ಗೊಂಡೆ ಇರುತ್ತದೆ, ಗಾಳಿಗೆ ಹಾರಲೆಂದೇ. ನನ್ನ ಮೊದಲ ಕಾಯಿ ಬಿರಿದದ್ದು ನಾನು ಕಚೇರಿಯಲ್ಲಿದ್ದಾಗ; ಸಂಜೆ ಬಂದು ನೋಡಿದರೆ ಬರಿದಾದ ಸಿಪ್ಪೆ, ಗ್ರಿಲ್ಲಿಗೆ ಸಿಕ್ಕಿಕೊಂಡ ನಾಲ್ಕು ಗೊಂಡೆ. ಆ ಸಂಜೆಯನ್ನು ನಾನು ಇನ್ನೂ ಮರೆತಿಲ್ಲ. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಹೋದಾಗ ಕೊಡುವ ಜಾಲರಿ ಚೀಲಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಕಾಯಿ ಬೆರಳುದ್ದ ಆದೊಡನೆ ಒಂದನ್ನು ತೊಡಿಸಿ ದಾರ ಬಿಗಿಯಿರಿ.

ಬೀಜ ಕೈಗೆ ಬಂದ ಮೇಲೆ ಗೊಂಡೆ ಕಿತ್ತು, ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿರುವುದು ಜೀವವಿದ್ದದ್ದು, ಚಪ್ಪಟೆಯದ್ದು ಜೊಳ್ಳು. ಹಳತಾದಷ್ಟೂ ಮೊಳೆಯುವ ಶಕ್ತಿ ಕುಂದುತ್ತದೆ, ಕೂಡಿಡಬೇಡಿ.

ನಮ್ಮ ಕಡೆ ಕಾಲದ ಲೆಕ್ಕ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಮೇಲೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆ ಥಂಡಿಗೆ ಎಳೆ ಸಸಿಯ ಬುಡ ಒಂದೇ ರಾತ್ರಿಯಲ್ಲಿ ಕೊಳೆತು ಮಲಗುತ್ತದೆ. ಬೇಸಿಗೆ ಹೂವಿನಿಂದಲೂ ಕಾಯಿ ಮಾಡಬಹುದು. ಆದರೆ ನನ್ನ ಆಯ್ಕೆ, ಮಳೆ ಹಿಂತೆಗೆದ ಮೇಲೆ ಅಕ್ಟೋಬರ್‌ನಲ್ಲಿ ಬಿಡುವ ಹೂ. ಜನವರಿಗೆ ಕಾಯಿ ಬಲಿಯುತ್ತದೆ, ಫೆಬ್ರವರಿಯಲ್ಲಿ ಚಳಿ ಸರಿದ ಕೂಡಲೇ ಬಿತ್ತಬಹುದು. ಮೊದಲ ಮಳೆ ಬೀಳುವ ಹೊತ್ತಿಗೆ ಸಸಿಗೆ ನಾಲ್ಕು ತಿಂಗಳು ತುಂಬಿರುತ್ತದೆ.

ಬಿತ್ತನೆ, ಮೊದಲ ಮಳೆಗಾಲ

ಕೋಕೋಪೀಟ್ ಅರ್ಧ, ದಪ್ಪ ಮರಳು ಅಥವಾ ಜರಡಿ ಹಿಡಿದ ಇಟ್ಟಿಗೆ ಚೂರು ಅರ್ಧ. ಬಿತ್ತುವ ಹಿಂದಿನ ದಿನ ಈ ಮಿಶ್ರಣದ ಮೇಲೆ ಕುದಿಯುವ ನೀರು ಹೊಯ್ದು ಆರಿಸಿದರೆ ಬೂಷ್ಟಿನ ಕಾಟ ಬಹಳ ತಗ್ಗುತ್ತದೆ. ತಳಕ್ಕೆ ತೂತು ಮಾಡಿದ ಡಬ್ಬಿಯಲ್ಲಿ ಬೀಜಗಳನ್ನು ಅಡ್ಡ ಮಲಗಿಸಿ, ಕಾಣದಷ್ಟು ಮರಳು ಉದುರಿಸಿ, ನೀರು ಚಿಮುಕಿಸಿ, ಪ್ಲಾಸ್ಟಿಕ್ ಮುಚ್ಚಿಡಿ. ಬೆಚ್ಚಗಿದ್ದರೆ ತಾಜಾ ಬೀಜ ಒಂದು ವಾರದೊಳಗೆ ಏಳುತ್ತದೆ. ಮೊದಲು ಬಾಗಿದ ಕತ್ತು, ಅದೂ ಹುಟ್ಟುತ್ತಲೇ ದಪ್ಪ, ಹೊಟ್ಟೆ ತುಂಬಿದ ಕೂಸಿನ ಹಾಗೆ. ಮರುದಿನ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ನೆಟ್ಟಗಾಗುತ್ತದೆ. ಟೋಪಿ ಕಳಚಲು ಕೈ ಹಾಕಬೇಡಿ, ಒಂದು ಹನಿ ನೀರು ಬಿಟ್ಟರೆ ತಾನೇ ಜಾರುತ್ತದೆ. ಬೀಜದಿಂದ ಬಂದ ಗಿಡಕ್ಕಷ್ಟೇ ಆ ತುಂಬಿದ ಬುಡ. ಟೊಂಗೆ ನೆಟ್ಟು ಬೆಳೆಸಿದ್ದಕ್ಕೆ ಹಾಗೆ ಬರುವುದಿಲ್ಲ.

ಎದ್ದ ಮೇಲೆ ಮುಚ್ಚಳ ತೆಗೆದು ಬೆಳಗಿನ ಬಿಸಿಲಿಗಿಡಿ. ಆರೆಂಟು ಎಲೆ ಮೂಡಿದಾಗ ಒಂದೊಂದಕ್ಕೆ ಒಂದೊಂದು ಕುಂಡ, ಪಟ್ಟಿಯ ಸಮೇತ. ಮಳೆಗಾಲದಲ್ಲಿ ಛಜ್ಜಾದ ಒಳಕ್ಕೆ ಸರಿಸಿ, ಮೇಲ್ಮಣ್ಣು ಪೂರ್ತಿ ಒಣಗದೆ ನೀರು ಕೊಡಬೇಡಿ.

ಗ್ಯಾಲರಿಗೆ ಬಿಸಿಲು ಕಡಿಮೆ ಇರುವವರು ಗ್ಯಾಸ್ಟೀರಿಯಾ, ಹಾವರ್ಥಿಯಾಗಳನ್ನು ಪ್ರಯತ್ನಿಸಬಹುದು. ಲೋಳೆಸರದ ಈ ಬಂಧುಗಳಲ್ಲಿ ಕುಲ ದಾಟಿಯೂ ಸಂಕರ ನಡೆಯುತ್ತದೆ. ಗ್ಯಾಸ್ಟೀರಿಯಾಕ್ಕೂ ಅಲೋಗೂ (ಲೋಳೆಸರದ ಕುಲ) ಹುಟ್ಟಿದ್ದನ್ನು ಗ್ಯಾಸ್ಟರಲೋ ಎನ್ನುತ್ತಾರೆ. ಇವುಗಳ ಹೂವಿನಲ್ಲಿ ಪರಾಗ ಮೊದಲು, ಶಲಾಕಾಗ್ರ ಆಮೇಲೆ ಮಾಗುತ್ತದೆ. ಹಾಗಾಗಿ ಇಂದು ಅರಳಿದ ಹೂವಿನ ಪರಾಗವನ್ನು ಎರಡು ದಿನದ ಹಿಂದೆ ಅರಳಿದ ಹೂವಿಗೆ ಕೊಡಿ. ಗುಲಾಬಿಯಾಕಾರದ ಎಚಿವೇರಿಯಾಗಳ ಗೋಜು ಪುಣೆಯ ಗಾಳಿಯಲ್ಲಿರುವವರಿಗೆ ಬಿಡೋಣ, ಮುಂಬೈ ಮಳೆಗಾಲದ ಸೆಕೆಯಲ್ಲಿ ಅವು ಕೊಳೆತೇ ಹೋಗುತ್ತವೆ.

ಮೊದಲ ಹೂ

ಚೆನ್ನಾಗಿ ಬಿಸಿಲು ಕಂಡ ಅಡೀನಿಯಂ ಸಸಿ ಒಂದರಿಂದ ಒಂದೂವರೆ ವರ್ಷದಲ್ಲಿ ಹೂ ಬಿಡುತ್ತದೆ. 1866ರಲ್ಲಿ ಮೆಂಡಲ್ ಬಟಾಣಿಯ ಬಗ್ಗೆ ಬರೆದದ್ದನ್ನು ಶಾಲೆಯಲ್ಲಿ ಓದಿದವರು ಮೊದಲ ಪೀಳಿಗೆ ಎಲ್ಲ ಒಂದೇ ತೆರನಾಗಿರುತ್ತದೆ ಎಂದು ಕಾಯುತ್ತಾರೆ. ಅದು ಶುದ್ಧ ತಳಿಗಳ ಮಾತು. ನಮ್ಮ ಕುಂಡದ ತಾಯಿ-ತಂದೆಯರೇ ಮೊದಲಿನಿಂದ ಮಿಶ್ರವಾಗಿರುವುದರಿಂದ ಒಂದೇ ಕಾಯಿಯ ಮಕ್ಕಳೂ ಬೇರೆ ಬೇರೆ. ನನ್ನ ಹದಿನೇಳು ಸಸಿಗಳಲ್ಲಿ ಹನ್ನೊಂದು ಸಾಧಾರಣ ಗುಲಾಬಿ ಬಣ್ಣ, ನಾಲ್ಕು ಬಿಳಿಗೆ ಕೆಂಪಂಚು, ಒಂದು ತಂದೆಯಂತೆ ಕಡುಗೆಂಪು. ಹದಿನೇಳನೆಯದು ಬಿಳಿಯ ಮೇಲೆ ಒಳಗಿನಿಂದ ಹೊರಕ್ಕೆ ಸಿಡಿದಂತೆ ಕೆಂಪು ಗೀರು. ಎರಡೂ ಮನೆಯ ಗಿಡದಲ್ಲಿ ಅಂಥದ್ದು ಇರಲಿಲ್ಲ. ಗೆಳತಿಗೆ ಫೋಟೊ ಕಳಿಸಿದರೆ ಅವರು ಮರುದಿನವೇ ಬಂದು ಅರ್ಧ ಗಂಟೆ ಅದರ ಮುಂದೆ ಕೂತಿದ್ದರು.

ಮೊದಲ ಹೂವನ್ನೇ ನೋಡಿ ತೀರ್ಮಾನಿಸಬೇಡಿ, ಎರಡು ಮೂರು ಸುತ್ತು ಹೂ ಬಿಟ್ಟ ಮೇಲೆ ಬಣ್ಣ ನೆಲೆಗೊಳ್ಳುತ್ತದೆ. ಮೆಚ್ಚಿದ್ದನ್ನು ಉಳಿಸಿಕೊಳ್ಳಲು ಅದರ ಬೀಜ ಕೆಲಸಕ್ಕೆ ಬಾರದು, ಮತ್ತೆ ಬೇರೆಯದೇ ಹುಟ್ಟುತ್ತದೆ. ಕಸಿಯೊಂದೇ ದಾರಿ. ಅದಕ್ಕೆ ಬೇಕಾದ ಗಟ್ಟಿ ಬುಡ ಆ ಹನ್ನೊಂದು ಸಾಧಾರಣ ಸಸಿಗಳಲ್ಲೇ ಇದೆ. ಹಾಗಾಗಿ ಒಂದನ್ನೂ ಎಸೆಯಬೇಡಿ. ಗೀರಿನ ಗಿಡದ ಟೊಂಗೆ ಏರಿದ ಎರಡು ಕುಂಡಗಳು ಈಗ ನಮ್ಮ ಗ್ರಿಲ್ಲಿನಲ್ಲಿವೆ, ಒಂದು ಮುಲುಂಡ್‌ಗೆ ಹೋಗಿದೆ.