ಹಳೆಯ ಮನೆಯ ನಕ್ಷೆ ಕೈಗೆ ಬಂದ ಬಗೆ: ನನ್ನ ಅನುಭವ

ಕಟ್ಟಿ ಮೂವತ್ತೈದು ವರ್ಷ ದಾಟಿದ ಮನೆಗೆ ಮಂಜೂರಾತಿ ನಕ್ಷೆ ಸಿಗುವುದಿಲ್ಲ, ಸಿಕ್ಕರೂ ಉಪಯೋಗಕ್ಕೆ ಬರುವುದಿಲ್ಲ ಎಂದು ನಮ್ಮ ಮೇಸ್ತ್ರಿ, ಕಾಗದಪತ್ರ ನೋಡಿದ ವಕೀಲರು, ಕೊನೆಗೆ ನನ್ನ ಭಾವನವರೂ ಹೇಳಿದ್ದರು. ದಕ್ಷಿಣ ಬೆಂಗಳೂರಿನ 30x40 ನಿವೇಶನದ ಆ ಮನೆಯ ನಕ್ಷೆಯ ದೃಢೀಕೃತ ಪ್ರತಿ ಈಗ ನನ್ನ ಬಳಿ ಇದೆ. ಅದಕ್ಕೆ ಕಟ್ಟಿದ ಸರ್ಕಾರಿ ಶುಲ್ಕವೆಲ್ಲ ಸೇರಿದರೂ ಸುಮಾರು ನಾನ್ನೂರೈವತ್ತು ರೂಪಾಯಿ.

ಅದಕ್ಕೆ ಮೊದಲು ಹಣ ಕಳೆದುಕೊಂಡಿದ್ದೇನೆ. ಹಳೆಯ ಕಡತ ತೆಗೆಸಿಕೊಡುತ್ತೇನೆ ಎಂದು ಹದಿನೈದು ಸಾವಿರ ಕೇಳಿದ ಮಧ್ಯವರ್ತಿಯೊಬ್ಬರಿಗೆ ಐದು ಸಾವಿರ ಮುಂಗಡ ಕೊಟ್ಟೆ. ಎರಡು ತಿಂಗಳ ನಂತರ ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಮತ್ತೊಬ್ಬರು ಆರೂವರೆ ಸಾವಿರ ತೆಗೆದುಕೊಂಡು ನಕ್ಷೆ ಬರೆದುಕೊಟ್ಟರು. ಅದರಲ್ಲಿ ಎಲ್ಲ ಗೋಡೆಗಳೂ ಒಂಬತ್ತು ಇಂಚಿನವೇ, ಎಲ್ಲ ಮೂಲೆಗಳೂ ನೇರವೇ. ಟೇಪು ಹಿಡಿದು ನೋಡಿದರೆ ಅಡುಗೆಮನೆಯೊಂದರಲ್ಲೇ ಏಳು ಇಂಚು ವ್ಯತ್ಯಾಸವಿತ್ತು.

ದಾರಿ ಸಿಕ್ಕಿದ್ದು ಇಸಿಯಲ್ಲಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದಲ್ಲಿ. ಮನೆಯನ್ನು ನನಗೆ ಮಾರುತ್ತಿದ್ದ ಅಮ್ಮನವರ ಮಗ ಬಹಳ ಹಿಂದೆ ಅದರ ಮೇಲೆ ಸಾಲ ಪಡೆದು ತೀರಿಸಿದ್ದರು. ಸಾಲ ತೀರಿದೆಯೇ ಎಂಬುದನ್ನಷ್ಟೇ ನೋಡಿ ಎಲ್ಲರೂ ಮುಂದೆ ಹೋಗುತ್ತಾರೆ. ನಾನು ಆ ಸಾಲದ ಎಂಒಡಿಯ, ಅಂದರೆ ಆಸ್ತಿಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟದ್ದಕ್ಕೆ ಬರೆದ ಪತ್ರದ, ದೃಢೀಕೃತ ನಕಲನ್ನೇ ತೆಗೆಸಿದೆ. ಬ್ಯಾಂಕಿಗೆ ಒಪ್ಪಿಸಿದ ದಾಖಲೆಗಳ ಪಟ್ಟಿಯಲ್ಲಿ, ಕ್ರಯಪತ್ರ ಮತ್ತು ಖಾತೆಯ ಕೆಳಗೆ, ಐದನೆಯ ಸಾಲಿನಲ್ಲಿ, ಕಟ್ಟಡ ಪರವಾನಗಿಯ ಎಲ್.ಪಿ. ಸಂಖ್ಯೆ (ಪರವಾನಗಿಯ ಕಡತವನ್ನು ಗುರುತಿಸುವ ಸಂಖ್ಯೆ) ಮತ್ತು ವರ್ಷ ಸ್ಪಷ್ಟವಾಗಿ ಇದ್ದವು. ಈ ಸಂಖ್ಯೆ ಇಲ್ಲದೆ ಕೇಳಿದಾಗ ‘ಕಡತ ಲಭ್ಯವಿಲ್ಲ’ ಎಂದಿದ್ದ ಕಚೇರಿಗೇ ಸಂಖ್ಯೆ ಸಹಿತ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, ನೂರೈವತ್ತು ಪದಗಳೊಳಗೆ ಇರಬೇಕು. ನನ್ನ ಮೊದಲ ಅರ್ಜಿ ತಿರಸ್ಕೃತವಾಗಲು ನಕ್ಷೆ, ತೆರಿಗೆ, ಖಾತೆ ಮೂರನ್ನೂ ಒಟ್ಟಿಗೆ ಕೇಳಿದ್ದೇ ಕಾರಣ. ಮೂರನೆಯ ವ್ಯಕ್ತಿಯ ಮಾಹಿತಿ ಎಂಬ ತಕರಾರು ಬರಬಾರದೆಂದು ಎರಡನೆಯದಕ್ಕೆ ಅಮ್ಮನವರ ಸಹಿಯಿದ್ದ ಒಪ್ಪಿಗೆ ಪತ್ರ ಲಗತ್ತಿಸಿದೆ. ಮೂವತ್ತು ದಿನ ಕಳೆದರೂ ಉತ್ತರವಿಲ್ಲ. ಮೊದಲ ಮೇಲ್ಮನವಿ ಸಲ್ಲಿಸಿದ ಎರಡು ವಾರದೊಳಗೆ ಪ್ರತಿ ಬಂತು. ಆ ಮೇಲ್ಮನವಿಯಲ್ಲಿ ದಾಖಲೆ ಕೊಠಡಿಯ ಬಗ್ಗೆ ಬರೆದ ಒಂದು ವಾಕ್ಯವೇ ಕೆಲಸ ಮಾಡಿತೆಂದು ನನ್ನ ನಂಬಿಕೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮಂಜೂರಾದದ್ದು ಒಂದು, ಕಟ್ಟಿದ್ದು ಇನ್ನೊಂದು ಇರಬಹುದಾದ್ದರಿಂದ ಇಡೀ ಮನೆಯನ್ನು ನಾನೇ ಅಳೆದೆ. ಮೊದಲು ಫೋನಿನ ಸ್ಕ್ಯಾನ್ ಆ್ಯಪ್ ಪ್ರಯೋಗಿಸಿದೆ. ಬೀರುವಿನ ಕನ್ನಡಿಯ ಹಿಂದೆ ಅದು ಇನ್ನೊಂದು ಕೋಣೆಯನ್ನೇ ತೋರಿಸಿತು. ಲೇಸರ್ ಮೀಟರಿಗೆ ಎರಡು ಸಾವಿರದ ಚಿಲ್ಲರೆ ಕೊಟ್ಟೆ, ಅದು ಸಾರ್ಥಕವಾಯಿತು. ಆದರೂ ಒಳಗಿನ ಅಳತೆಗಳನ್ನೂ ಗೋಡೆಗಳ ದಪ್ಪವನ್ನೂ ಕೂಡಿದಾಗ ಮೊತ್ತವು ಹೊರಗಿನ ಉದ್ದಕ್ಕಿಂತ ನಾಲ್ಕು ಇಂಚು ಕಡಿಮೆ ಬರುತ್ತಿತ್ತು. ಎರಡು ಭಾನುವಾರ ಅದರಲ್ಲೇ ಹೋದವು. ಒಂಬತ್ತು ಇಂಚು ಎಂಬುದು ಬರೀ ಇಟ್ಟಿಗೆ ಗೋಡೆಯ ಲೆಕ್ಕ, ಎರಡೂ ಕಡೆಯ ಗಾರೆ ಸೇರಿದರೆ ಹತ್ತು. ನಾಲ್ಕು ಗೋಡೆಗೆ ನಾಲ್ಕು ಇಂಚು. ಅಷ್ಟು ಹೊಳೆದ ಮೇಲೆ ಎಲ್ಲವೂ ಕೂಡಿಬಂತು.

ನಕ್ಷೆಯ ಬೆಲೆ ತಿಳಿದದ್ದು ಅಡುಗೆಮನೆಯಲ್ಲಿ. ಹಿಂದಿನ ಕೋಣೆಗೆ ಬಾಗಿಲು ತೆರೆಯಬೇಕಿತ್ತು. ಭಾರ ಹೊರುವ ಗೋಡೆ, ಕಬ್ಬಿಣದ ತೊಲೆ ಕೊಟ್ಟು ಕತ್ತರಿಸಬೇಕು ಎಂದು ಮೇಸ್ತ್ರಿ ಮೂವತ್ತೈದು ಸಾವಿರ ಹೇಳಿದ್ದರು. ಮಂಜೂರಾತಿ ನಕ್ಷೆಯಲ್ಲಿ ಅದೇ ಗೋಡೆಯಲ್ಲಿ ಬಾಗಿಲಿನ ಗುರುತಿತ್ತು. ರೂಪಾಯಿ ನಾಣ್ಯದಿಂದ ತಟ್ಟುತ್ತಾ ಹೋದೆ; ಎಡಗಡೆ ಗಟ್ಟಿಯಾಗಿದ್ದ ಸದ್ದು ಒಂದು ಕಡೆ ಇದ್ದಕ್ಕಿದ್ದಂತೆ ಪೊಳ್ಳಾಗಿ, ಸುಮಾರು ಮೂರಡಿ ಮುಂದೆ ಮತ್ತೆ ಗಟ್ಟಿಯಾಯಿತು. ಗಾರೆ ಕೆತ್ತಿಸಿದರೆ ಮೇಲೆ ಲಿಂಟಲ್, ಅಂದರೆ ಬಾಗಿಲಿನ ಮೇಲಿನ ಭಾರ ಹೊರುವ ಅಡ್ಡ ತೊಲೆ, ಹಾಗೇ ಇತ್ತು. ಯಾವಾಗಲೋ ಬಾಗಿಲನ್ನು ಕಿತ್ತು ಆ ಜಾಗದಲ್ಲಿ ನಾಲ್ಕೂವರೆ ಇಂಚಿನ ಗೋಡೆ ಎಬ್ಬಿಸಿ, ಹಿಂದಿನ ಪೊಳ್ಳು ಕಾಣದಂತೆ ಹಲಗೆ ಹೊಡೆದು ಗಾರೆ ಬಳಿದಿದ್ದರು. ಎರಡು ದಿನದ ಕೆಲಸ, ಚೌಕಟ್ಟು ಬಿಟ್ಟು ಒಂಬತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಮೇಸ್ತ್ರಿಯವರು ಈಗ ತಮ್ಮ ಮುಂದಿನ ಕೆಲಸದ ಮನೆಯ ಇಸಿಯನ್ನು ನನಗೆ ತೋರಿಸಲು ತಂದಿದ್ದಾರೆ.

ಒಳಚರಂಡಿಯ ಕೊಳವೆ ಮಾತ್ರ ಆ ನಕ್ಷೆಯಲ್ಲೂ ಇರಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕಲಸಿ, ಬಚ್ಚಲು, ಸಿಂಕು, ಹಿತ್ತಲಿನ ಕಲ್ಲು ಹೀಗೆ ಒಂದೊಂದರಲ್ಲೇ ಸುರಿಸಿ, ಯಾವ ಚೇಂಬರಿನಲ್ಲಿ (ಚರಂಡಿ ಕೊಳವೆಗಳು ಕೂಡುವ, ಮುಚ್ಚಳವಿರುವ ಗುಂಡಿ) ಎಷ್ಟು ಹೊತ್ತಿಗೆ ಬಣ್ಣ ಕಾಣುತ್ತದೆ ಎಂದು ನಾನೂ ಮಗಳೂ ಬರೆದುಕೊಂಡೆವು. ಸಿಂಕಿನ ನೀರು ಮುಂದಿನ ಚೇಂಬರಿಗೆ ಹೋಗದೆ ಹಿಂದಿನ ಸಂದಿಯಲ್ಲಿ ತಿರುಗುತ್ತಿತ್ತು; ಆ ಗೆರೆಯನ್ನು ನಕ್ಷೆಯ ಜೆರಾಕ್ಸ್ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಎಳೆದಿಟ್ಟಿದ್ದೇನೆ.