ಸಾಕ್ಷಿಯ ನೆನಪು ಕಡತಕ್ಕೆ ಇಳಿಯುವ ಬಗೆ

ಮಡಿಕೇರಿಯಲ್ಲಿ ವಕೀಲಿಕೆ ಮಾಡಿಕೊಂಡೇ ದೂರಶಿಕ್ಷಣದಲ್ಲಿ ಮನೋವಿಜ್ಞಾನ ಓದತೊಡಗಿದ ನಾನು, ಕಾನೂನು, ಅಪರಾಧ ನ್ಯಾಯವ್ಯವಸ್ಥೆ, ಮನಸ್ಸು ಎಂಬ ಮೂರನ್ನು ಬೇರೆಬೇರೆ ಪಠ್ಯಗಳಾಗಿ ಓದುವುದನ್ನು ಬಿಟ್ಟು, ತೀರ್ಪಾಗಿ ಮುಗಿದ ಪ್ರಕರಣಗಳ ಕಡತವನ್ನೇ ಮುಂದಿಟ್ಟುಕೊಳ್ಳುವ ಕ್ರಮ ರೂಢಿಸಿಕೊಂಡೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಕಾನೂನಿನ ಕಲಂ, ಬಲಪುಟದಲ್ಲಿ ಸಂಶೋಧನೆ, ಎರಡರ ಮೇಲೂ ಕಡತದ ಒಂದೇ ಸಾಲು.

‘ಸಾಯಂಕಾಲ ಸುಮಾರು 5.30 ಗಂಟೆಗೆ ಆರೋಪಿಯನ್ನು ಕಂಡಿರುತ್ತೇನೆ’ ಎಂಬಂಥ ಸಾಲು ಪೊಲೀಸ್ ಹೇಳಿಕೆಗಳಲ್ಲಿ ಸಾಮಾನ್ಯ. ಕಾಫಿ ತೋಟದ ಲೈನ್‌ಮನೆಯ ಕಾರ್ಮಿಕ ಮಹಿಳೆ, ಕೈಯಲ್ಲಿ ಮೊಬೈಲ್ ಇದ್ದರೂ, ‘ಹಣ್ಣಿನ ತೂಕ ಮುಗಿಸಿ ಬರುವಾಗ’ ಎಂದೇ ಹೇಳುವುದು, ಅದೂ ಎಷ್ಟೋ ಸಲ ಇಲ್ಲಿನ ಬುಡಕಟ್ಟಿನವರ ಎರವ ಭಾಷೆಯಲ್ಲಿ. ಗಂಟೆಯ ಲೆಕ್ಕ ಬರೆದುಕೊಂಡವರದು. ಅಪರಾಧ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂನಡಿ ದಾಖಲಾಗುವ ಈ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ. ಆದರೂ ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ, ಆಕೆಯ ಮಾತಿನ ವೈರುಧ್ಯ ತೋರಿಸಲು ನಾವು ಎತ್ತಿ ಹಿಡಿಯುವುದು ಅದನ್ನೇ.

ಬಲಪುಟಕ್ಕೆ ಬಂದದ್ದು ಮನೋವಿಜ್ಞಾನಿಗಳಾದ ಲಾಫ್ಟಸ್ ಮತ್ತು ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ. ಕಾರು ಅಪಘಾತದ ಚಲನಚಿತ್ರ ತೋರಿಸಿ, ವೇಗ ಎಷ್ಟಿತ್ತೆಂದು ಕೆಲವರನ್ನು ‘ಡಿಕ್ಕಿಯಾದಾಗ’ ಎಂಬ ಅರ್ಥದ ಮಾತಿನಿಂದಲೂ, ಕೆಲವರನ್ನು ‘ನುಜ್ಜುಗುಜ್ಜಾಗುವಂತೆ ಅಪ್ಪಳಿಸಿದಾಗ’ ಎಂಬ ಅರ್ಥದ ಮಾತಿನಿಂದಲೂ ಕೇಳಿದರು. ವಾರದ ಬಳಿಕ, ಚಿತ್ರದಲ್ಲಿ ಇರದಿದ್ದ ಒಡೆದ ಗಾಜನ್ನು ಕಂಡೆವೆಂದವರು ಮೊದಲ ಗುಂಪಿನ 50 ಮಂದಿಯಲ್ಲಿ 7, ಎರಡನೆಯದರಲ್ಲಿ 16. ಪ್ರಯೋಗಶಾಲೆಯ ವಿದ್ಯಾರ್ಥಿಗಳ ಫಲಿತಾಂಶವನ್ನು ಕೊಡಗಿನ ಸಾಕ್ಷಿಗೆ ಹಾಗೇ ಅಂಟಿಸಲಾಗದು, ನಿಜ. ಆದರೆ ಎಡಪುಟ ನೋಡಿ: ಭಾರತೀಯ ಸಾಕ್ಷ್ಯ ಅಧಿನಿಯಮದ (2023) 146ನೇ ಕಲಂ, ಎದುರು ಪಕ್ಷ ಆಕ್ಷೇಪಿಸಿದರೆ, ಉತ್ತರವನ್ನೇ ಸೂಚಿಸುವ ಪ್ರಶ್ನೆಯನ್ನು ಸಾಕ್ಷಿಯನ್ನು ಕರೆತಂದ ಪಕ್ಷವೇ ಪ್ರಶ್ನಿಸುವ ಮುಖ್ಯ ವಿಚಾರಣೆಯಲ್ಲಿ ಸಾಮಾನ್ಯವಾಗಿ ತಡೆಯುತ್ತದೆ, ಪಾಟೀ ಸವಾಲಿನಲ್ಲಿ ಬಿಡುತ್ತದೆ, ತಿಂಗಳುಗಳ ಹಿಂದೆ ಠಾಣೆಯಲ್ಲಿ ಕೇಳಿದ ಪ್ರಶ್ನೆ ಅದರ ಕೈಗೆ ಸಿಗುವುದೇ ಇಲ್ಲ. ಆ ಹೇಳಿಕೆಯನ್ನು ಶ್ರವ್ಯ-ದೃಶ್ಯ ರೂಪದಲ್ಲಿ ದಾಖಲಿಸಲು 180ನೇ ಕಲಂನಲ್ಲೇ ಅವಕಾಶವಿದೆ, ಕಡ್ಡಾಯವಿಲ್ಲ. ನನ್ನ ಮಟ್ಟಿಗೆ ಇದೇ ಈ ಅಧ್ಯಯನದ ಅತಿ ಮುಖ್ಯ ಕೊಂಡಿ; ಅಪರಾಧಿಯ ಮನಸ್ಸಿನ ಕುರಿತ ರೋಚಕ ಪುಸ್ತಕಗಳು ಇಷ್ಟು ಕಲಿಸಲಿಲ್ಲ.

ಕೃತ್ಯದ ವೇಳೆ ಆರೋಪಿಯ ಬುದ್ಧಿ ಸ್ವಸ್ಥವಿರಲಿಲ್ಲವೆಂಬ ಬುದ್ಧಿಭ್ರಮಣೆಯ ವಾದವನ್ನೂ ಹೀಗೆಯೇ ಓದಿದೆ. ವೈದ್ಯರ ಪ್ರಮಾಣಪತ್ರ ಪರೀಕ್ಷೆಯ ದಿನದ ಸ್ಥಿತಿಯಿಂದ ಆರಂಭವಾದರೆ, ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಕೇಳುವುದು ಕೃತ್ಯದ ಕ್ಷಣವನ್ನು.

ಈಗ ಓದುತ್ತಿರುವುದು ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ ಕಾಯ್ದೆಯ ಕಡತಗಳನ್ನು. 2012ರ ಆ ಕಾಯ್ದೆಯ 33ನೇ ಕಲಂ ಪ್ರಕಾರ ವಕೀಲರು ತಮ್ಮ ಪ್ರಶ್ನೆಗಳನ್ನು ನ್ಯಾಯಾಲಯಕ್ಕೆ ಕೊಡಬೇಕು. ಮಗುವನ್ನು ಕೇಳುವುದು ನ್ಯಾಯಾಧೀಶರು.